ಮರಳಿ ಬಂದ ಸೈನಿಕ ಮತ್ತು ಮುಕ್ಕಾಲು ಗಂಟೆಯ ವೈದ್ಯ

ವರ್ಜೀನಿಯಾ ವುಲ್ಫ್ ಬರೆದ 'ಮಿಸೆಸ್ ಡ್ಯಾಲೊವೆ' ಕಾದಂಬರಿ ಪ್ರಕಟವಾದದ್ದು 1925ರಲ್ಲಿ. ಲಂಡನ್ನಿನ ಸಿರಿವಂತ ಹೆಂಗಸೊಬ್ಬಳು ರಾತ್ರಿಯ ಔತಣಕ್ಕೆ ಹೂ ಕೊಳ್ಳಲು ಹೊರಡುವ ಕಥೆಯೆಂದೇ ಹೆಚ್ಚಿನವರು ಅದನ್ನು ನೆನೆಯುತ್ತಾರೆ. ಆದರೆ ಆ ಕಾದಂಬರಿಯ ಜೀವ ಇರುವುದು ಅವಳ ಮನೆಯಲ್ಲಲ್ಲ, ಹಾರ್ಲೆ ಸ್ಟ್ರೀಟಿನ ಹೆಸರಾಂತ ವೈದ್ಯನೊಬ್ಬನ ಕೋಣೆಯಲ್ಲಿ ಎಂದು ನಮಗೆ ಅನಿಸುತ್ತದೆ. ಸೆಪ್ಟಿಮಸ್ ವಾರೆನ್ ಸ್ಮಿತ್ ಎಂಬ ಬಡ ಗುಮಾಸ್ತ ಮೊದಲ ಮಹಾಯುದ್ಧದಲ್ಲಿ ಕಾದಾಡಿ ಬಂದವನು. ಅವನ ಅಧಿಕಾರಿಯೂ ಆಪ್ತನೂ ಆಗಿದ್ದ ಇವಾನ್ಸ್, ಯುದ್ಧ ಇನ್ನೇನು ಮುಗಿಯುತ್ತದೆ ಎನ್ನುವಾಗ ಇಟಲಿಯಲ್ಲಿ ಸತ್ತ. ಆಗ ಸೆಪ್ಟಿಮಸ್‌ಗೆ ಏನೂ ಅನಿಸಲಿಲ್ಲ. ಹಾಗೆ ಅನಿಸದೆ ಹೋದದ್ದೇ ಈಗ ಅವನನ್ನು ಒಳಗಿನಿಂದ ತಿನ್ನುತ್ತಿದೆ. ಸತ್ತವನು ಬಂದು ಅವನೊಡನೆ ಮಾತಾಡುತ್ತಾನೆ. ಸಾಯುತ್ತೇನೆಂದು ಅವನು ಹೆಂಡತಿ ರೇಜಿಯಾಗೆ ಹೇಳಿದ್ದಾನೆ. ಮೊದಲು ನೋಡಿದ ಡಾ. ಹೋಮ್ಸ್, ಇವನಿಗೆ ಏನೂ ಆಗಿಲ್ಲ, ಹೊರಗಿನ ಸಂಗತಿಗಳಲ್ಲಿ ಆಸಕ್ತಿ ಬೆಳೆಸಿಕೊಂಡರೆ ಸಾಕು ಎನ್ನುತ್ತಾನೆ. ಬಳಿಕ ಸಿಗುವವನು ಸರ್ ವಿಲಿಯಂ ಬ್ರಾಡ್‌ಶಾ. ಒಬ್ಬ ರೋಗಿಗೆ ಅವನು ಕೊಡುವ ಸಮಯ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯನ್ನು ವುಲ್ಫ್ ಹೇಗೆ ಬರೆದಿದ್ದಾಳೆ ಎಂಬುದನ್ನು ಕಥೆ ಬರೆಯುವ ಎಲ್ಲರೂ ಗಮನಿಸಬೇಕು. ರೋಗಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ವೈದ್ಯನಿಗೆ ಎಲ್ಲ ತಿಳಿದುಬಿಡುತ್ತದೆ. ಗುಲಾಬಿ ಬಣ್ಣದ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ತಾನೊಂದು ಅಪರಾಧ ಮಾಡಿದ್ದೇನೆಂದು ಸೆಪ್ಟಿಮಸ್ ಹೇಳಹೊರಡುತ್ತಾನೆ. ಇಲ್ಲ, ಇವರು ಏನೂ ತಪ್ಪು ಮಾಡಿಲ್ಲ ಎಂದು ಹೆಂಡತಿ ಪ್ರೀತಿಯಿಂದಲೇ ಅವನ ಬಾಯಿ ಕಟ್ಟುತ್ತಾಳೆ. ಮತ್ತೆ 'ನಾನು...' ಎಂದು ತೊದಲುತ್ತಾನೆ. ನಿನ್ನ ಬಗ್ಗೆ ನೀನು ಆದಷ್ಟು ಕಡಿಮೆ ಯೋಚಿಸು ಎಂದು ವೈದ್ಯ ಹೇಳಿ ಮುಗಿಸುತ್ತಾನೆ. ಆ 'ನಾನು' ಎಂಬ ಮಾತಿನ ಮುಂದೆ ಏನಿತ್ತು ಎನ್ನುವುದು ಓದುಗರಿಗೆ ಗೊತ್ತು, ವೈದ್ಯನಿಗೆ ಗೊತ್ತಾಗುವುದೇ ಇಲ್ಲ. ಅದೇ ದಿನ ಮಧ್ಯಾಹ್ನ ಮನೆಯಲ್ಲಿ ಗಂಡ ಹೆಂಡಿರು ಸೇರಿ ಒಂದು ಟೋಪಿಗೆ ಹೂವು, ರಿಬ್ಬನ್ನು ಜೋಡಿಸುತ್ತ ನಗುತ್ತಾರೆ. ಬಹಳ ದಿನಗಳ ಮೇಲೆ ಅವನು ಅವನಾಗಿರುತ್ತಾನೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಡಾ. ಹೋಮ್ಸ್ ಬರುವ ಸದ್ದು. ಸೆಪ್ಟಿಮಸ್ ಸಾಯುತ್ತಾನೆ. ರಾತ್ರಿಯ ಔತಣಕ್ಕೆ ಬಂದ ಬ್ರಾಡ್‌ಶಾ ಆ ಸಾವಿನ ಸುದ್ದಿ ಹೇಳುತ್ತ, ಯುದ್ಧದ ಆಘಾತ ತಡವಾಗಿ ಕಾಣಿಸಿಕೊಳ್ಳುವುದರ ಬಗ್ಗೆ ಮಸೂದೆಯಲ್ಲಿ ಏನಾದರೂ ಸೇರಿಸಬೇಕೆಂದು ಪಾರ್ಲಿಮೆಂಟಿನ ಸದಸ್ಯನ ಜೊತೆ ಚರ್ಚಿಸುತ್ತಾನೆ! ಎದುರಿಗೆ ಕೂತಿದ್ದ ಮನುಷ್ಯನನ್ನು ಕೇಳಿಸಿಕೊಳ್ಳದವನಿಗೆ ಮಸೂದೆಯ ಕಾಳಜಿ ಇದೆ. ಅದು ಸುಳ್ಳು ಕಾಳಜಿಯೂ ಅಲ್ಲ ಎನ್ನುವುದು ಇನ್ನೂ ಕಷ್ಟದ ಸಂಗತಿ.

ಇದಾದ 23 ವರ್ಷಗಳ ಬಳಿಕ, 1948ರಲ್ಲಿ, 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಜೆ.ಡಿ. ಸ್ಯಾಲಿಂಜರ್‌ನ 'ಎ ಪರ್ಫೆಕ್ಟ್ ಡೇ ಫಾರ್ ಬನಾನಾಫಿಶ್' ಎಂಬ ಸಣ್ಣಕಥೆ ಬಂತು. ಸ್ಯಾಲಿಂಜರ್ ಸ್ವತಃ ನಾರ್ಮಂಡಿಯ ಕರಾವಳಿಯಲ್ಲಿ ಇಳಿದು ಹೋರಾಡಿದವನು. 1945ರಲ್ಲಿ ಮನಸ್ಸು ಕುಸಿದು ಜರ್ಮನಿಯ ಆಸ್ಪತ್ರೆ ಸೇರಿದವನು. ಅವನ ಕಥೆಯ ಅರ್ಧಭಾಗ ಒಂದು ಟೆಲಿಫೋನ್ ಮಾತುಕತೆ. ಹೋಟೆಲಿನ ಕೋಣೆಯಿಂದ ಹೆಂಡತಿ, ದೂರದೂರಿನಿಂದ ಅವಳ ತಾಯಿ. ಅಪ್ಪ ಒಬ್ಬ ಡಾಕ್ಟರನ್ನು ಕೇಳಿದ್ದಾರೆ, ಅಳಿಯನನ್ನು ಸೇನೆಯವರು ಆಸ್ಪತ್ರೆಯಿಂದ ಬಿಟ್ಟದ್ದೇ ಅಪರಾಧವಂತೆ. ಹೋಟೆಲಿನಲ್ಲೂ ಒಬ್ಬ ಮನೋವೈದ್ಯ ಸಿಕ್ಕಿದ್ದಾನೆ, ಅವನೂ ಏನೋ ಕೇಳಿದ. ನಡುನಡುವೆ ಬಟ್ಟೆಯ ಮಾತು, ಬಿಸಿಲಿಗೆ ಕಂದಿದ ಚರ್ಮದ ಮಾತು. ಯುದ್ಧ ಎಂಬ ಮಾತು ಆಗೊಮ್ಮೆ ಈಗೊಮ್ಮೆ ಇಣುಕಿ ಮರೆಯಾಗುತ್ತದೆ. ಹೀಗೆ ಇಬ್ಬರು ವೈದ್ಯರ ಅಭಿಪ್ರಾಯ, ಇಬ್ಬರು ಹೆಂಗಸರ ಆತಂಕ ಎಲ್ಲವೂ ಇರುವಾಗ ಆ ಮನುಷ್ಯ ಮಾತ್ರ ಅಲ್ಲಿಲ್ಲ. ಅವನು ಕಡಲ ದಂಡೆಯಲ್ಲಿದ್ದಾನೆ. ಅವನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅವನೊಡನೆ ಮಾತಾಡುವುದು ಒಂದು ಮಗು.

ಈ ಎರಡು ಕೃತಿಗಳನ್ನು ನಾವು ಜೊತೆಗಿಟ್ಟು ನೋಡಲು ಕಾರಣವಿದೆ. ಆತ್ಮಹತ್ಯೆಯ ಅಂಚಿನಲ್ಲಿರುವ ಮಾಜಿ ಸೈನಿಕನಿಗೆ ಆಸ್ಪತ್ರೆಗೆ ಸೇರಿಸದೆ ಚಿಕಿತ್ಸೆ ಕೊಡುವುದು ಎಂದರೆ, ಅಂದರೆ ಹೊರರೋಗಿ ವಿಭಾಗ, ನಮ್ಮ ಜನರ ಬಾಯಲ್ಲಿ ಓಪಿಡಿ, ಮೂಲತಃ ಒಂದು ಕೋಣೆ, ಎರಡು ಕುರ್ಚಿ ಮತ್ತು ಒಂದು ಗಡಿಯಾರ. ಗಡಿಯಾರದ ಸಮಯ ಮುಗಿದ ಮೇಲೆ ಅವನು ಎದ್ದು ಹೊರಗೆ ಹೋಗುತ್ತಾನೆ. ಮುಂದಿನ ಸರದಿಯವರೆಗಿನ ದಿನಗಳು ಅವನವು. ವುಲ್ಫ್ ಮತ್ತು ಸ್ಯಾಲಿಂಜರ್ ಇಬ್ಬರೂ ತೋರಿಸಿದ್ದು ಆ ಹೊರಗಿನ ದಿನಗಳಲ್ಲಿ ಅವನು ಎಷ್ಟು ಒಬ್ಬಂಟಿ ಎಂಬುದನ್ನು. ಅದಕ್ಕೆ ಉತ್ತರವೇನಾದರೂ ಇದೆಯೇ ಎಂದು ಹುಡುಕಿದ ವೈದ್ಯನೊಬ್ಬ ಸಾಹಿತ್ಯದ ಬಳಿಗೆ ಬಂದ. ಈ ಲೇಖನ ಮುಖ್ಯವಾಗಿ ಅವನ ಎರಡು ಪುಸ್ತಕಗಳ ಬಗ್ಗೆ.

ಜೊನಾಥನ್ ಶೇ ಸೈನಿಕನಲ್ಲ. ಪ್ರಯೋಗಾಲಯದಲ್ಲಿ ಮೆದುಳಿನ ಜೀವಕೋಶಗಳನ್ನು ಅಭ್ಯಾಸ ಮಾಡುತ್ತಿದ್ದವನು. ನಲವತ್ತರ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದು ಮಲಗಿದಾಗ, ಶಾಲೆಯಲ್ಲಿ ಓದದೆ ಬಿಟ್ಟಿದ್ದ ಗ್ರೀಕ್ ಕಾವ್ಯಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ. ಚೇತರಿಸಿಕೊಂಡ ಮೇಲೆ ಬಾಸ್ಟನ್ ನಗರದಲ್ಲಿ ಮಾಜಿ ಸೈನಿಕರ ಇಲಾಖೆ ನಡೆಸುವ ಹೊರರೋಗಿ ಚಿಕಿತ್ಸಾಲಯಕ್ಕೆ ಮನೋವೈದ್ಯನಾಗಿ ಬಂದ. ಅಲ್ಲಿಗೆ ಬರುತ್ತಿದ್ದವರು ವಿಯೆಟ್ನಾಂನಿಂದ ಮರಳಿ ಇಪ್ಪತ್ತು ವರ್ಷ ಕಳೆದರೂ ರಾತ್ರಿ ಬಾಗಿಲಿಗೆ ಬೆನ್ನು ಮಾಡಿ ಕೂರಲಾಗದವರು, ಕುಡಿತಕ್ಕೆ ಬಿದ್ದವರು, ಹೆಂಡತಿ ಮಕ್ಕಳನ್ನು ಕಳೆದುಕೊಂಡವರು, ದಿನವೂ ಸಾವನ್ನು ನೆನೆಯುವವರು. ಅವರ ಕಥೆಗಳನ್ನು ಕೇಳುತ್ತ ಶೇಗೆ ತಾನು ಇದನ್ನು ಎಲ್ಲೋ ಓದಿದ್ದೇನೆ ಅನಿಸಿತು. ಓದಿದ್ದು 'ಇಲಿಯಡ್' ಕಾವ್ಯದಲ್ಲಿ. 1994ರಲ್ಲಿ 'ಅಕಿಲೀಸ್ ಇನ್ ವಿಯೆಟ್ನಾಂ', 2002ರಲ್ಲಿ 'ಒಡಿಸ್ಯೂಸ್ ಇನ್ ಅಮೆರಿಕಾ' ಬಂದವು.

ಪ್ರಾಚೀನ ಕಾವ್ಯಕ್ಕೆ ಆಧುನಿಕ ರೋಗದ ಹೆಸರು ಹಚ್ಚುವ ಬರವಣಿಗೆ ಸಾಕಷ್ಟಿದೆ, ಅದರಲ್ಲಿ ಹೆಚ್ಚಿನದು ನೀರಸ. ಶೇ ಮಾಡಿದ್ದು ಅದರ ತಿರುವುಮುರುವು. ಅವನು ರೋಗದ ಭಾಷೆಯಿಂದ ಕಾವ್ಯವನ್ನು ಓದಲಿಲ್ಲ, ಕಾವ್ಯದ ಭಾಷೆಯಿಂದ ರೋಗವನ್ನು ಓದಿದ. 'ಇಲಿಯಡ್' ಶುರುವಾಗುವುದು ಶತ್ರುವಿನ ಏಟಿನಿಂದಲ್ಲ. ದಂಡನಾಯಕ ಅಗಮೆಮ್ನಾನ್ ತನ್ನದೇ ವೀರನಾದ ಅಕಿಲೀಸ್‌ಗೆ ಸಲ್ಲಬೇಕಾದ ಗೌರವವನ್ನು ಎಲ್ಲರೆದುರು ಕಿತ್ತುಕೊಳ್ಳುವುದರಿಂದ. ಇದಕ್ಕೆ ಶೇ 'ಥೆಮಿಸ್' ಎಂಬ ಗ್ರೀಕ್ ಪದವನ್ನು ಬಳಸುತ್ತಾನೆ. ಯಾವುದು ಸರಿಯೋ ಅದು, ಯಾರಿಗೆ ಏನು ಸಲ್ಲಬೇಕೋ ಅದು. ನಮ್ಮ ಉರ್ದುವಿನ 'ಹಕ್' ಎಂಬ ಮಾತು ಇದಕ್ಕೆ ತೀರ ಹತ್ತಿರ. ಸತ್ಯ, ನ್ಯಾಯ, ಪಾಲು ಮೂರೂ ಅದರಲ್ಲಿವೆ. ತನ್ನ ಮೇಲಿನವರೇ ಈ 'ಹಕ್' ಮುರಿದಾಗ ಸೈನಿಕನ ಒಳಗೆ ಏನೋ ಒಡೆಯುತ್ತದೆ. ಬಾಂಬಿನ ಸದ್ದಿಗೆ ಬೆಚ್ಚುವುದು ಒಂದು ಬಗೆಯ ಕಾಯಿಲೆ, ಅದು ಹೇಗೋ ವಾಸಿಯಾದೀತು. ಇದು ಬೇರೆ. ಶೇ ಇದನ್ನು 'ನೈತಿಕ ಗಾಯ' ಎಂದು ಕರೆದ. ಇಂದು ಮನೋವೈದ್ಯರ ನಡುವೆ ಚಲಾವಣೆಯಲ್ಲಿರುವ ಈ ಮಾತು ಹುಟ್ಟಿದ್ದು ಹೋಮರನ ಓದಿನಿಂದ ಎಂಬುದು ಸಾಹಿತ್ಯದವರು ಹೆಮ್ಮೆಪಡಬೇಕಾದ ವಿಷಯ.

ನಂಬಿಕೆ ಒಡೆದವನು ಯಾರನ್ನೂ ನಂಬುವುದಿಲ್ಲ, ವೈದ್ಯನನ್ನಂತೂ ಮೊದಲೇ ಇಲ್ಲ. ಅದರಲ್ಲೂ ಆ ವೈದ್ಯ ಸರ್ಕಾರಿ ಸಂಬಳದವನಾಗಿದ್ದರೆ? ತನ್ನನ್ನು ಯುದ್ಧಕ್ಕೆ ಕಳಿಸಿದ ಸರ್ಕಾರವೇ ಈಗ ಗುಳಿಗೆ ಕೊಡಲು ಕರೆಯುತ್ತಿದೆ. ಈ ಇಕ್ಕಟ್ಟನ್ನು ಶೇ ಮರೆಮಾಚುವುದಿಲ್ಲ. ಅವನ ಚಿಕಿತ್ಸಾಲಯದಲ್ಲಿ ಹಳೆಯ ರೋಗಿಗಳೇ ಹೊಸಬರಿಗೆ ಆಸರೆ. ಮೊದಲು ಕುಡಿತ ಬಿಡುವುದು, ಸುರಕ್ಷಿತವಾಗಿರುವುದು, ಮೈಯ ಕಾಳಜಿ. ಕಥೆ ಹೇಳುವುದು ಆಮೇಲೆ. ಜೂಡಿತ್ ಹರ್ಮನ್ 1992ರಲ್ಲಿ ಬರೆದ 'ಟ್ರಾಮಾ ಅಂಡ್ ರಿಕವರಿ' ಪುಸ್ತಕದ ಕ್ರಮ ಇದು. ಕಥೆ ಕೇಳುವವನಿಗೂ ಶೇ ಷರತ್ತು ಹಾಕುತ್ತಾನೆ. ಕೇಳುವವನು ತಾನು ಮುರಿದುಬೀಳಬಾರದು, ಹಾಗೆಲ್ಲ ಆಗಿರಲಾರದು ಎನ್ನಬಾರದು, ನಿನ್ನದೇ ತಪ್ಪು ಎನ್ನಬಾರದು, ಮತ್ತು ಹೇಳುವವನ ಭಯ ದುಃಖ ಸಿಟ್ಟುಗಳಲ್ಲಿ ಒಂದಿಷ್ಟನ್ನಾದರೂ ತನ್ನ ಎದೆಗೆ ಇಳಿಸಿಕೊಳ್ಳಬೇಕು. ಬ್ರಾಡ್‌ಶಾನ ಗುಲಾಬಿ ಚೀಟಿಯ ಮುಂದೆ ಇದನ್ನು ಇಟ್ಟು ನೋಡಬೇಕು. ವಿಮರ್ಶೆಯ ತರಗತಿಗಳಲ್ಲಿ 'ಸಹೃದಯ' ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಅದರ ನಿಜವಾದ ಬೆಲೆ ಏನೆಂದು ಇಲ್ಲಿ ತಿಳಿಯುತ್ತದೆ.

ಶೇಗಿಂತ ಮುಂಚೆಯೂ ಈ ದಾರಿ ಇತ್ತು ಎಂಬುದನ್ನು ಹೇಳಬೇಕು. 1970ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಯುದ್ಧವಿರೋಧಿ ಮಾಜಿ ಸೈನಿಕರು ತಾವೇ ಸೇರಿ ಮಾತಾಡುವ ಕೂಟಗಳನ್ನು ಕಟ್ಟಿಕೊಂಡರು. ರಾಬರ್ಟ್ ಜೇ ಲಿಫ್ಟನ್, ಖೈಮ್ ಶಾಟನ್ ಎಂಬ ಮನೋವೈದ್ಯರು ಅಲ್ಲಿ ಹೋಗಿ ಕೂತದ್ದು ವೈದ್ಯರಾಗಿ ಅಲ್ಲ, ಕೂಟದ ಜೊತೆಗಾರರಾಗಿ. ಇದರ ಫಲವಾಗಿ 1979ರಲ್ಲಿ ಆಸ್ಪತ್ರೆಯ ಗೋಡೆಗಳಾಚೆ, ಪೇಟೆಬೀದಿಯ ಅಂಗಡಿ ಸಾಲುಗಳಲ್ಲಿ 'ವೆಟ್ ಸೆಂಟರ್'ಗಳು ತೆರೆದವು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ ಎಂಬ ಹೆಸರು ಸೇರಿತು. ಅಂದರೆ ಈ ರೋಗಕ್ಕೆ ಹೆಸರು ಕೊಟ್ಟವರಲ್ಲಿ ರೋಗಿಗಳೂ ಇದ್ದಾರೆ.

'ಒಡಿಸ್ಯೂಸ್ ಇನ್ ಅಮೆರಿಕಾ' ಮೊದಲ ಪುಸ್ತಕದಷ್ಟು ಬಿಗಿಯಾಗಿಲ್ಲ. ಒಡಿಸ್ಯೂಸ್ ಮನೆಗೆ ಮರಳುವ ದಾರಿಯ ಒಂದೊಂದು ಸಾಹಸವನ್ನೂ ಮಾಜಿ ಸೈನಿಕನ ಒಂದೊಂದು ಸಂಕಟಕ್ಕೆ ಹೊಂದಿಸುವಾಗ ಕೆಲವು ಕಡೆ ಎಳೆದಂತೆ ಕಾಣುತ್ತದೆ. ತಾವರೆಯ ಹಣ್ಣು ತಿಂದು ಮನೆ ಮರೆಯುವವರು ಮಾದಕ ವಸ್ತುಗಳಿಗೆ ಬಿದ್ದವರು ಎನ್ನುವುದು ಬಹಳ ಸುಲಭದ ಸಮೀಕರಣ. ಆದರೆ ಫಿಯೇಸಿಯನ್ನರ ಅರಮನೆಯ ಓದು ಅಸಾಮಾನ್ಯವಾದುದು. ಅಲ್ಲಿ ಊಟದ ನಡುವೆ ಕುರುಡ ಗಾಯಕ ಡೆಮೊಡೊಕಸ್ ಟ್ರಾಯ್ ಯುದ್ಧದ ಹಾಡು ಹೇಳುತ್ತಾನೆ. ಸಭಿಕರಿಗೆ ಅದು ಮನರಂಜನೆ. ಪರದೇಶಿ ಅತಿಥಿ ಮಾತ್ರ ಮುಸುಕು ಎಳೆದುಕೊಂಡು ಅಳುತ್ತಾನೆ. ತಾನೇ ಹೋರಾಡಿದ ಯುದ್ಧ ಇನ್ನೊಬ್ಬರ ಊಟಕ್ಕೆ ಉಪ್ಪಿನಕಾಯಿ ಆಗುವುದನ್ನು ನೋಡುತ್ತ ಕೂರುವುದು ಎಂದರೇನು ಎಂಬುದು ಈ ದೃಶ್ಯದಲ್ಲಿದೆ. ವಿಯೆಟ್ನಾಂಗೆ ಹುಡುಗರನ್ನು ಒಬ್ಬೊಬ್ಬರಾಗಿ ಹನ್ನೆರಡು ತಿಂಗಳಿಗೆ ಕಳಿಸಿ, ಒಬ್ಬೊಬ್ಬರಾಗಿಯೇ ವಿಮಾನದಲ್ಲಿ ಮರಳಿ ತಂದರು. ಹಿಂದಿನ ಯುದ್ಧದಿಂದ ಮರಳಿದವರು ಹಡಗಿನಲ್ಲಿ ವಾರಗಟ್ಟಲೆ ಜೊತೆಗಿದ್ದರು, ಅತ್ತರು, ಮಾತಾಡಿಕೊಂಡರು. ದುಃಖವನ್ನು ಹಂಚಿಕೊಳ್ಳುವ ಗುಂಪನ್ನೇ ಇಲ್ಲವಾಗಿಸಿದ ಮೇಲೆ ದುಃಖ ಎಲ್ಲಿಗೆ ಹೋಗಬೇಕು? ಮೀರ್ ಅನೀಸ್‌ನ ಮರ್ಸಿಯಾಗಳನ್ನು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಶೇ ಹೇಳುವುದು ಬೇಗ ಅರ್ಥವಾಗುತ್ತದೆ. ಆ ಕಾವ್ಯ ಒಬ್ಬನೇ ಕೋಣೆಯಲ್ಲಿ ಓದಿಕೊಳ್ಳಲು ಬರೆದದ್ದಲ್ಲ, ಮಜ್ಲಿಸ್‌ನಲ್ಲಿ ಎಲ್ಲರೂ ಸೇರಿ ಅಳಲು ಬರೆದದ್ದು.

ಇಲ್ಲಿ ನಮ್ಮ ಓದುಗರಲ್ಲಿ ಕೆಲವರು ಕೇಳಬಹುದಾದ ಪ್ರಶ್ನೆಯೊಂದಿದೆ. ವಿಯೆಟ್ನಾಮನ್ನು ಸುಟ್ಟವರ, ಇರಾಕಿನ ಊರುಗಳನ್ನು ಕೆಡವಿದವರ ನಿದ್ದೆಯ ಬಗ್ಗೆ ನಾವೇಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಸತ್ತವರ ಮನೆಯಲ್ಲಿ ಯಾವ ಮನೋವೈದ್ಯನಿದ್ದಾನೆ? ಪ್ರಶ್ನೆ ನ್ಯಾಯವಾದುದು. ಶೇಯ ಪುಸ್ತಕವನ್ನೂ ಈ ಪ್ರಶ್ನೆಯ ಎದುರು ನಿಲ್ಲಿಸಲೇಬೇಕು.

ಶೇ ಇದಕ್ಕೆ ಅರ್ಧ ಉತ್ತರ ಕೊಡುತ್ತಾನೆ. ಶತ್ರುವನ್ನು ಮನುಷ್ಯನೆಂದು ಕಾಣದಂತೆ ಸೈನಿಕನನ್ನು ತಯಾರಿಸಿದರೆ ಕೊನೆಗೆ ನಾಶವಾಗುವುದು ಆ ಸೈನಿಕನೇ ಎಂದು ಮೊದಲ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಟ್ರೋಜನ್ನರು ಹೋಮರನಲ್ಲಿ ಕ್ರಿಮಿಗಳಲ್ಲ. ಅಕಿಲೀಸ್ ಹೆಕ್ಟರನ ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಗ ಕೆಟ್ಟದ್ದು ಅಕಿಲೀಸನ ಮನುಷ್ಯತ್ವ. ಕನ್ನಡದ ಓದುಗರಿಗೆ ಇದಕ್ಕೆ ಹೋಮರನೇ ಬೇಕಿಲ್ಲ. ರನ್ನನ 'ಗದಾಯುದ್ಧ'ದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ, ಅಭಿಮನ್ಯುವಿನ ದೇಹದ ಮುಂದೆ ನಿಂತು ಶತ್ರುವಿನ ಮಗನ ಶೌರ್ಯವನ್ನು ಹೊಗಳುತ್ತಾನೆ, ತನಗೂ ಅಂಥ ಸಾವು ಬರಲಿ ಎನ್ನುತ್ತಾನೆ. ಎಲ್ಲ ಕಳೆದುಕೊಂಡವನ ಘನತೆಯನ್ನು ರನ್ನ ಉಳಿಸಿದ್ದು ಆ ಒಂದು ಗಳಿಗೆಯಲ್ಲಿ. ಶೇ ಈ ಮಾತನ್ನು ವೈದ್ಯನಾಗಿ ಹೇಳುತ್ತಿದ್ದಾನೆ. ಅವನ ರೋಗಿಗಳಲ್ಲಿ ಸಾವನ್ನು ಬಯಸುವವರು ತಮಗಾದದ್ದಕ್ಕೆ ಮಾತ್ರ ಬಯಸುವುದಿಲ್ಲ, ತಾವು ಮಾಡಿದ್ದಕ್ಕೂ ಬಯಸುತ್ತಾರೆ.

ಉಳಿದ ಅರ್ಧ ಉತ್ತರ ಅವನಲ್ಲಿಲ್ಲ. ಅವನ ಪುಸ್ತಕದಲ್ಲಿ ವಿಯೆಟ್ನಾಮಿಗಳು ಇದ್ದಾರೆ, ಆದರೆ ಅವರು ಅಮೆರಿಕದ ಹುಡುಗನ ನೆನಪಿನಲ್ಲಿ ಇದ್ದಾರೆ. ಸ್ವಂತ ಬಾಯಿಂದ ಒಂದು ಮಾತೂ ಆಡುವುದಿಲ್ಲ. ಇದನ್ನು ವೈದ್ಯನ ದೋಷ ಎನ್ನಲಾಗದು, ಅವನು ತನ್ನ ಮುಂದೆ ಕೂತವನಿಗೆ ನಿಷ್ಠ. ಆದರೆ 'ಇಲಿಯಡ್' ಮುಗಿಯುವುದು ಹೆಕ್ಟರನ ಮುದಿ ತಂದೆ ಪ್ರಿಯಾಮ್ ಶತ್ರುವಿನ ಬಿಡಾರಕ್ಕೆ ಬಂದು, ಮಗನನ್ನು ಕೊಂದ ಕೈಯನ್ನೇ ಹಿಡಿದು ಮುತ್ತಿಟ್ಟು, ಇಬ್ಬರೂ ಕೂತು ಅಳುವುದರಲ್ಲಿ. ಯಾವ ಚಿಕಿತ್ಸಾಲಯವೂ ಆ ಕೊನೆಯ ಸರ್ಗವನ್ನು ತನ್ನ ಕೋಣೆಯಲ್ಲಿ ಆಡಿಸಲಾರದು. ಅದಕ್ಕಾಗಿ ಓದುಗರು ಬಾವೊ ನಿನ್‌ನ 'ದಿ ಸಾರೋ ಆಫ್ ವಾರ್' ಕಾದಂಬರಿಗೆ ಹೋಗಬೇಕು. ಬಾವೊ ನಿನ್ ಉತ್ತರ ವಿಯೆಟ್ನಾಮಿನ ಪರವಾಗಿ ಹೋರಾಡಿದವನು. ಅವನ ನಾಯಕ ಕಿಯೆನ್ ಯುದ್ಧ ಮುಗಿದ ಮೇಲೆ ಕಾಡಿನಲ್ಲಿ ಜೊತೆಗಾರರ ಮೂಳೆಗಳನ್ನು ಆಯುತ್ತಾನೆ. ಗೆದ್ದ ಪಕ್ಷದವನು, ಆದರೂ ಬಾಸ್ಟನ್ನಿನ ರೋಗಿಗಳ ಹಾಗೆಯೇ ಕುಡಿಯುತ್ತಾನೆ, ರಾತ್ರಿಯೆಲ್ಲ ಎಚ್ಚರವಿರುತ್ತಾನೆ. ಅವನಿಗೆ ಚಿಕಿತ್ಸಾಲಯವಿಲ್ಲ, ಇರುವುದು ಬರೆದು ಬರೆದು ರಾಶಿ ಬಿದ್ದ ಹಾಳೆಗಳು. ಅದನ್ನು ಉಳಿಸುವವಳು ಮೇಲಿನ ಮಹಡಿಯ ಮೂಕ ಹೆಂಗಸು. ಶೇಯನ್ನು ಓದಿದವರು ಇದನ್ನು ಓದದೆ ಬಿಟ್ಟರೆ ಅರ್ಧ ಯುದ್ಧವನ್ನು ಮಾತ್ರ ಓದಿದಂತೆ.

ಇರಾಕ್ ಯುದ್ಧದ ಬಗ್ಗೆ ಬಂದ ಕಥೆಗಳಲ್ಲಿ ಫಿಲ್ ಕ್ಲೇಯ 'ರೀಡಿಪ್ಲಾಯ್‌ಮೆಂಟ್' ಸಂಕಲನ 2014ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಅದರ 'ಬಾಡೀಸ್' ಕಥೆಯಲ್ಲಿ ಹೆಣಗಳನ್ನು ಎತ್ತುವ ಕೆಲಸ ಮಾಡಿದ ಹುಡುಗ, ಊರಿಗೆ ಬಂದ ಮೇಲೆ ಕೇಳುವವರು ಯಾರೆಂದು ನೋಡಿ ಕಥೆಯನ್ನು ಬೇರೆಬೇರೆ ರೀತಿ ಹೇಳುತ್ತಾನೆ. ಫಿಯೇಸಿಯನ್ನರ ಅರಮನೆ ಈಗ ಬಾರ್ ಆಗಿದೆ, ಅಷ್ಟೇ. ಇನ್ನೊಂದು ಕಥೆಯಲ್ಲಿ ತನ್ನ ತುಕಡಿ ಸಾಮಾನ್ಯ ಜನರ ಮೇಲೆ ನಡೆಸಿದ್ದನ್ನು ಸೈನಿಕನೊಬ್ಬ ಪಾದ್ರಿಯ ಬಳಿ ಹೇಳಿಕೊಳ್ಳುತ್ತಾನೆ. ಪಾದ್ರಿ ಅಧಿಕಾರಿಗಳ ಬಳಿ ಹೋದರೆ ಅವರಿಗೆ ಕೇಳಲು ಪುರಸೊತ್ತಿಲ್ಲ. ಅಗಮೆಮ್ನಾನ್‌ಗೆ ಸಾವಿಲ್ಲ.

ಇನ್ನು ಈ ಪುಸ್ತಕಗಳ ಹೊರಗಿನ ಲೋಕ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕೆ 17ಕ್ಕೂ ಹೆಚ್ಚು. ಇವರೆಲ್ಲ ರಣರಂಗ ಕಂಡವರಲ್ಲ. ದೊಡ್ಡ ಪಾಲು ನಡುವಯಸ್ಸು ದಾಟಿದವರು. ಅರ್ಧಕ್ಕಿಂತ ಹೆಚ್ಚು ಜನ ಆ ಹತ್ತಿರದ ದಿನಗಳಲ್ಲಿ ಇಲಾಖೆಯ ಯಾವ ಆಸ್ಪತ್ರೆಗೂ ಹೋದವರಲ್ಲ. ಇಲಾಖೆ ಕೈ ಕಟ್ಟಿ ಕೂತಿಲ್ಲ ಎನ್ನುವುದೂ ನಿಜ. 2007ರಲ್ಲಿ ಜೋಶುವಾ ಓಮ್ವಿಗ್ ಎಂಬ ಮೃತ ಸೈನಿಕನ ಹೆಸರಿನ ಕಾಯಿದೆ ಬಂತು. ಪ್ರತಿ ಆಸ್ಪತ್ರೆಯಲ್ಲೂ ಇದಕ್ಕೆಂದೇ ಸಿಬ್ಬಂದಿ, ಹಗಲೂ ರಾತ್ರಿ ಉತ್ತರಿಸುವ ದೂರವಾಣಿ ಬಂತು. 2023ರಿಂದ, ಪ್ರಾಣಾಪಾಯದ ಗಳಿಗೆಯಲ್ಲಿರುವ ಮಾಜಿ ಸೈನಿಕ ಯಾವ ಆಸ್ಪತ್ರೆಗೆ ಹೋದರೂ ತುರ್ತು ಚಿಕಿತ್ಸೆ ಉಚಿತ. ಒಳರೋಗಿಯಾಗಿ 30 ದಿನ, ಹೊರರೋಗಿಯಾಗಿ 90 ದಿನಗಳವರೆಗೆ. ಅದರ ನಡುವೆಯೇ 2014ರ ಫೀನಿಕ್ಸ್ ಹಗರಣವೂ ಇದೆ. ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದುದನ್ನು ಕಾಗದದ ಮೇಲೆ ಮುಚ್ಚಿಟ್ಟಿದ್ದರು. ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ, ವಿಯೆಟ್ನಾಂನಲ್ಲಿ ಗಾಯಗೊಂಡಿದ್ದ ಸೈನಿಕ, ರಾಜೀನಾಮೆ ಕೊಡಬೇಕಾಯಿತು. ಶೇಯ ಭಾಷೆಯಲ್ಲಿ ಹೇಳುವುದಾದರೆ, ಗಾಯ ವಾಸಿ ಮಾಡುವ ಮನೆಯಲ್ಲೇ ಆ ಗಾಯ ಇನ್ನೊಮ್ಮೆ ಆಯಿತು.

2017ರಿಂದ ಗಣಕಯಂತ್ರವೊಂದು ರೋಗಿಗಳ ದಾಖಲೆಗಳನ್ನು ಜಾಲಾಡಿ, ಒಂದೊಂದು ಆಸ್ಪತ್ರೆಯಲ್ಲೂ ಸಾವಿರಕ್ಕೊಬ್ಬರಂತೆ ಅತಿ ಹೆಚ್ಚು ಅಪಾಯದಲ್ಲಿರುವವರ ಪಟ್ಟಿ ತೆಗೆಯುತ್ತದೆ. ವೈದ್ಯರು ಆ ಪಟ್ಟಿಯವರನ್ನು ಕರೆದು ವಿಚಾರಿಸಬೇಕು. ಇದನ್ನು ನಾವು ಹೀಗಳೆಯುವುದಿಲ್ಲ, ಯಾರಿಗೂ ಕಾಣದವನು ಯಂತ್ರಕ್ಕಾದರೂ ಕಾಣಲಿ. ಆದರೆ ಪಟ್ಟಿ ಎಷ್ಟೇ ಚುರುಕಾಗಿದ್ದರೂ ಅದು ಗುಲಾಬಿ ಚೀಟಿಯ ಮೊಮ್ಮಗ. ಕರೆ ಹೋದ ಮೇಲೆ ಆ ಕಡೆಯವನು 'ನಾನು...' ಎಂದು ತೊದಲಿದಾಗ ಏನಾಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ನಮ್ಮನ್ನು ಹೆಚ್ಚು ಸೆಳೆದದ್ದು ಇನ್ನೆರಡು ಸಂಗತಿ. ಎರಡೂ ಬರವಣಿಗೆಗೆ ಸಂಬಂಧಿಸಿದವು. ಒಂದು, ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತೆಯ ಹಾಳೆ. ಅದನ್ನು ರೋಗಿ ತನ್ನದೇ ಮಾತಿನಲ್ಲಿ ಬರೆಯಬೇಕು. ನನಗೆ ಕೆಟ್ಟ ಗಳಿಗೆ ಬರುವ ಮುನ್ಸೂಚನೆ ಏನು, ಆಗ ನಾನೇ ಏನು ಮಾಡಬಲ್ಲೆ, ಯಾವ ಜಾಗಕ್ಕೆ ಹೋಗಬಲ್ಲೆ, ಯಾರನ್ನು ಕರೆಯಬಲ್ಲೆ, ಯಾವ ವೈದ್ಯರಿಗೆ ಫೋನ್ ಮಾಡಬಲ್ಲೆ, ಮನೆಯಲ್ಲಿರುವ ಅಪಾಯದ ವಸ್ತುವನ್ನು ಯಾರ ಕೈಗೆ ಒಪ್ಪಿಸಬಲ್ಲೆ. ಒಂದೇ ಹಾಳೆ, ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು. ತುರ್ತು ಚಿಕಿತ್ಸೆಗೆ ಬಂದವರಿಗೆ ಈ ಹಾಳೆಯನ್ನು ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತ ಹೋದಾಗ, ಆರು ತಿಂಗಳಲ್ಲಿ ಆತ್ಮಹತ್ಯೆಯ ವರ್ತನೆಗಳು ಸುಮಾರು 45ರಷ್ಟು ಶೇಕಡಾ ಕಡಿಮೆಯಾದವೆಂದು ಇಲಾಖೆಯ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2018ರಲ್ಲಿ ಹೇಳಿತು. ಅವರು ಹೊರರೋಗಿ ಚಿಕಿತ್ಸೆಗೆ ಮರಳಿ ಬರುವುದೂ ಹೆಚ್ಚಿತು. ಸೆಪ್ಟಿಮಸ್‌ನ ಚೀಟಿಯನ್ನು ಬರೆದವನು ಬ್ರಾಡ್‌ಶಾ, ಇಲ್ಲಿ ಬರೆಯುವವನು ಸೆಪ್ಟಿಮಸ್. ಕರ್ತೃ ಬದಲಾಗಿದ್ದಾನೆ.

ಇನ್ನೊಂದು ಕಾಗದ. ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟ್ಟೊ, ಆಸ್ಪತ್ರೆಯಿಂದ ಹೊರಬಂದ ಮೇಲೆ ಮುಂದಿನ ಚಿಕಿತ್ಸೆ ಬೇಡವೆಂದ 843 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಐದು ವರ್ಷಗಳಲ್ಲಿ 24 ಚಿಕ್ಕ ಕಾಗದಗಳನ್ನು ಕಳಿಸಿದ. ಹೇಗಿದ್ದೀರಿ ಎಂಬ ನೆನಪಷ್ಟೇ. ಬುದ್ಧಿಮಾತಿಲ್ಲ, ಆಸ್ಪತ್ರೆಗೆ ಬನ್ನಿ ಎಂಬ ಒತ್ತಾಯವಿಲ್ಲ, ಉತ್ತರ ಬರೆಯಲೇಬೇಕೆಂದೂ ಇಲ್ಲ. ಕಾಗದ ಹೋದವರಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆಗಳು ಕಡಿಮೆಯಾದವು. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದಾಗ ಊರಿನಿಂದ ಬರುತ್ತಿದ್ದ ಕಾಗದಗಳು ತನ್ನನ್ನು ಹೇಗೆ ಹಿಡಿದಿಟ್ಟಿದ್ದವು ಎಂಬ ನೆನಪು ಮೊಟ್ಟೊನ ಈ ಯೋಚನೆಯ ಹಿಂದಿತ್ತು. 2020ರಿಂದ ಇಲಾಖೆಯ ದೂರವಾಣಿಗೆ ಕರೆ ಮಾಡಿದ ಮಾಜಿ ಸೈನಿಕರಿಗೆ ಇಂಥ ಕಾಗದಗಳು ಹೋಗುತ್ತಿವೆ. ಸಾವಿರಾರು ಜನರಿಗೆ ಒಂದೇ ಒಕ್ಕಣೆಯ ಕಾಗದ ಅಚ್ಚಾಗಿ ಹೋದಾಗ ಅದು ಕಾಗದವಾಗಿ ಉಳಿಯುತ್ತದೆಯೇ, ಸುತ್ತೋಲೆ ಆಗುತ್ತದೆಯೇ ಎಂದು ಕೇಳದಿರಲು ಕಥೆಗಾರರಾದ ನಮಗೆ ಆಗುವುದಿಲ್ಲ. ಆದರೂ ಲಕೋಟೆಯ ಮೇಲೆ ಇರುವುದು ಅವನದೇ ಹೆಸರು.

ಶೇಯ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವನು ರಂಗ ನಿರ್ದೇಶಕ ಬ್ರಯಾನ್ ಡೋರೀಸ್. 2008ರಲ್ಲಿ ಸ್ಯಾನ್ ಡಿಯಾಗೋದ ಹೋಟೆಲೊಂದರಲ್ಲಿ ಸುಮಾರು 400 ಸೈನಿಕರು ಮತ್ತು ಅವರ ಸಂಗಾತಿಗಳ ಎದುರು ಸೊಫೊಕ್ಲಿಸ್‌ನ ನಾಟಕಗಳ ಭಾಗಗಳನ್ನು ಓದಿಸಿದ. ಅದರಲ್ಲಿ 'ಏಜಾಕ್ಸ್' ಒಂದು. ಓದು ಮುಗಿದ ಮೇಲೆ ಸಭಿಕರು ಮಾತಾಡಬೇಕು. ಮುಕ್ಕಾಲು ಗಂಟೆಗೆಂದು ಇಟ್ಟುಕೊಂಡಿದ್ದ ಮಾತು ಮೂರು ಗಂಟೆ ದಾಟಿತು.

'ಏಜಾಕ್ಸ್' ಅಲ್ಲಿನ ಸೈನಿಕರನ್ನು ಏಕೆ ಅಷ್ಟು ಕಲಕಿತೆಂದು ತಿಳಿಯಲು ಮೂಲ ನಾಟಕವನ್ನೇ ನೋಡಬೇಕು. ಅಕಿಲೀಸ್ ಸತ್ತ ಬಳಿಕ ಅವನ ಆಯುಧಗಳು ತನಗೆ ಸಲ್ಲಬೇಕಿತ್ತು, ಮೇಲಿನವರು ಮೋಸ ಮಾಡಿದರು ಎಂದು ಏಜಾಕ್ಸ್ ನಂಬಿದ್ದಾನೆ. ಹುಚ್ಚಿನಲ್ಲಿ ದನಕುರಿಗಳನ್ನು ಶತ್ರುಗಳೆಂದು ಕಡಿದು, ಎಚ್ಚರವಾದಾಗ ನಾಚಿಕೆಯಿಂದ ಕುಗ್ಗಿಹೋಗಿದ್ದಾನೆ. ಇದನ್ನೆಲ್ಲ ಗುಡಾರದಲ್ಲಿ ಕಣ್ಣಾರೆ ಕಾಣುವವಳು ಟೆಕ್ಮೆಸ್ಸಾ. ಅವಳು ಅವನು ಗೆದ್ದು ತಂದ ಶತ್ರುದೇಶದ ಹೆಣ್ಣು, ಈಗ ಅವನ ಮಗುವಿನ ತಾಯಿ. ಮೊದಲು ಸಹಾಯಕ್ಕೆ ಕೂಗುವವಳು ಅವಳೇ. ಏಜಾಕ್ಸ್ ಇದ್ದಕ್ಕಿದ್ದಂತೆ ಶಾಂತವಾಗಿ, ಮೆತ್ತಗಿನ ಮಾತಾಡಿ, ತೊಳೆದುಕೊಂಡು ಬರುತ್ತೇನೆಂದು ಕಡಲ ಕಡೆ ಹೊರಟಾಗ ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಅವನ ಜೊತೆಗಾರರು ಹಾಡಿ ಕುಣಿಯುತ್ತಾರೆ. ಆಗ ಓಡೋಡಿ ಬಂದ ದೂತ ಕಾಲಜ್ಞಾನಿ ಕಾಲ್ಕಸ್‌ನ ಮಾತನ್ನು ತರುತ್ತಾನೆ: ದೇವತೆಯ ಮುನಿಸು ಇವನ ಮೇಲಿರುವುದು ಇವತ್ತು ಒಂದು ದಿನ ಮಾತ್ರ. ಏನಾದರೂ ಮಾಡಿ ಇವತ್ತು ಇವನನ್ನು ಗುಡಾರದಿಂದ ಹೊರಗೆ ಒಬ್ಬನೇ ಬಿಡಬೇಡಿ, ಈ ದಿನ ದಾಟಿದರೆ ಬದುಕುತ್ತಾನೆ.

ಟೆಕ್ಮೆಸ್ಸಾ ಜೊತೆಗಾರರನ್ನು ಎರಡು ದಿಕ್ಕಿಗೆ ಅಟ್ಟಿ, ತಾನೂ ಹುಡುಕುತ್ತ ಓಡುತ್ತಾಳೆ.